ಜಾಗತೀಕರಣ ಮತ್ತು ವರ್ಣೀಯ ಮಹಿಳೆಯರ ದುಡಿಮೆ: ‘ಅಗ್ಗ’ ಎಂಬ ಪದವನ್ನು ಬಿಡಿಸಿ ನೋಡಿದಾಗ

‘ವರ್ಣೀಯ ಮಹಿಳೆಯರು’ ಎಂಬುದನ್ನು ಚರ್ಮದ ಬಣ್ಣದ ವರ್ಣನೆಯೆಂದು ಓದಿಕೊಂಡರೆ ಅರ್ಥ ಕೆಡುತ್ತದೆ. ಅಮೆರಿಕದ ಚಳವಳಿಗಳಲ್ಲಿ ಕಪ್ಪು, ಲ್ಯಾಟಿನ್, ಏಷ್ಯನ್ ಹಾಗೂ ಮೂಲನಿವಾಸಿ ಮಹಿಳೆಯರು ತಮ್ಮ ಒಗ್ಗಟ್ಟನ್ನು ಸೂಚಿಸಲು ಆರಿಸಿಕೊಂಡ ರಾಜಕೀಯ ಹೆಸರು ಅದು. ಇವರ ಮತ್ತು ಬಡ ದೇಶಗಳ ಮಹಿಳೆಯರ ದುಡಿಮೆ ಅಗ್ಗವೆಂಬ ಕಾರಣಕ್ಕೆ ಬಂಡವಾಳ ಅತ್ತ ಹರಿಯಿತೆಂದು ಜಾಗತೀಕರಣದ ಕುರಿತ ಪಠ್ಯಗಳು ಹೇಳುತ್ತವೆ. ಆದರೆ ಅದನ್ನು ಅಗ್ಗ ಮಾಡಿದವರು ಯಾರು ಎಂಬಲ್ಲಿಂದ ಓದು ಶುರುವಾಗಬೇಕೆಂದು ನನ್ನ ಅಭಿಪ್ರಾಯ.

ಮೆಕ್ಸಿಕೊ 1965ರಲ್ಲಿ ಗಡಿ ಕೈಗಾರಿಕಾ ಯೋಜನೆಯನ್ನು ಆರಂಭಿಸಿದ ಬಳಿಕ, ಅಮೆರಿಕದ ಬಿಡಿಭಾಗಗಳನ್ನು ಸುಂಕವಿಲ್ಲದೆ ತರಿಸಿಕೊಂಡು ಜೋಡಿಸಿ ಮರಳಿ ಕಳುಹಿಸುವ ಮಕಿಲಾದೋರಾ ಕಾರ್ಖಾನೆಗಳು ಸಿಯುದಾದ್ ಹ್ವಾರೆಸ್‌ನಂಥ ನಗರಗಳಲ್ಲಿ ತಲೆಯೆತ್ತಿದವು. ಮೊದಲ ದಶಕಗಳಲ್ಲಿ ಅಲ್ಲಿ ದುಡಿದವರಲ್ಲಿ ಹೆಚ್ಚಿನವರು ಯುವತಿಯರು. ಹೆಣ್ಣಿನ ಬೆರಳು ಚುರುಕು, ಅವಳಿಗೆ ತಾಳ್ಮೆ ಹೆಚ್ಚು ಎಂಬುದು ಮಾಲೀಕರ ವಿವರಣೆಯಾಗಿತ್ತು. ಇದು ಹೊಗಳಿಕೆಯಂತೆ ಕೇಳಿಸುತ್ತದೆ, ಆದರೆ ಇಲ್ಲಿಯೇ ಲೆಕ್ಕಾಚಾರ ಅಡಗಿದೆ: ಹೊಲಿಗೆ ಮತ್ತು ಸೂಕ್ಷ್ಮ ಜೋಡಣೆಯ ಕೈಚಳಕವನ್ನು ಹುಡುಗಿಯರು ಮನೆಯಲ್ಲಿ ವರ್ಷಗಟ್ಟಲೆ ದುಡಿದು ಕಲಿತಿರುತ್ತಾರೆ, ಅದನ್ನು ‘ಸ್ವಭಾವ’ ಎಂದು ಕರೆದೊಡನೆ ಕುಶಲ ಕೆಲಸಕ್ಕೆ ಸಲ್ಲಬೇಕಾದ ಕೂಲಿಯನ್ನು ಕೊಡಬೇಕಾಗಿಲ್ಲ.

ಹಾಗೆಂದು ಬಡ ದೇಶದವಳು ಕೆಲಸ ಗಳಿಸಿದಳು, ಶ್ರೀಮಂತ ದೇಶದವಳು ಕಳೆದುಕೊಂಡಳು ಎಂದು ದೇಶವಾರು ಲೆಕ್ಕ ಹಾಕಿದರೂ ವಿಷಯ ಪೂರ್ತಿ ಹಿಡಿತಕ್ಕೆ ಸಿಗುವುದಿಲ್ಲ. ಜೀನ್ಸ್ ಉಡುಪಿನ ಲೀವೈ ಸ್ಟ್ರಾಸ್ ಕಂಪನಿ 1990ರಲ್ಲಿ ಟೆಕ್ಸಾಸ್‌ನ ಸ್ಯಾನ್ ಆಂಟೋನಿಯೊದಲ್ಲಿದ್ದ ಕಾರ್ಖಾನೆಯನ್ನು ಮುಚ್ಚಿ ಉತ್ಪಾದನೆಯನ್ನು ಕೋಸ್ಟರಿಕಕ್ಕೆ ಸಾಗಿಸಿದಾಗ ಕೆಲಸ ಕಳೆದುಕೊಂಡ ಸಾವಿರಕ್ಕೂ ಹೆಚ್ಚು ಮಂದಿಯಲ್ಲಿ ಬಹುಪಾಲು ಮೆಕ್ಸಿಕನ್ ಮೂಲದ ಮಹಿಳೆಯರೇ ಇದ್ದರು. ‘ಫುಯೆರ್ಸಾ ಉನಿದಾ’ ಎಂಬ ಸಂಘಟನೆಯನ್ನು ಅವರು ಆಗ ಕಟ್ಟಿದರು.

ಕಾರ್ಖಾನೆಯನ್ನು ಬೇರೆ ದೇಶಕ್ಕೆ ಒಯ್ಯಬಹುದು. ಮಗುವಿನ ಅಥವಾ ವೃದ್ಧರ ಆರೈಕೆಯನ್ನು ಒಯ್ಯಲಾಗದು. ಆದ್ದರಿಂದ ಅಲ್ಲಿ ದುಡಿಯುವವಳೇ ಪಯಣಿಸುತ್ತಾಳೆ, ಅವಳ ಸ್ವಂತ ಮಕ್ಕಳನ್ನು ಊರಿನಲ್ಲಿ ಅಜ್ಜಿಯೋ ಅಕ್ಕನೋ ನೋಡಿಕೊಳ್ಳುತ್ತಾರೆ. ಫಿಲಿಪ್ಪೀನ್ಸ್ 1974ರ ಕಾರ್ಮಿಕ ಸಂಹಿತೆಯ ಮೂಲಕ ವಿದೇಶಿ ಉದ್ಯೋಗವನ್ನು ಸರ್ಕಾರದ ನೀತಿಯನ್ನಾಗಿಯೇ ಮಾಡಿಕೊಂಡಿತು. ಇನ್ನು ಅವಳನ್ನು ಬರಮಾಡಿಕೊಳ್ಳುವ ದೇಶಗಳ ಕಾನೂನು. ಅಮೆರಿಕದ 1938ರ ಕನಿಷ್ಠ ವೇತನ ಕಾನೂನಿನ ರಕ್ಷಣೆ ಮನೆಗೆಲಸದವರಿಗೆ ದೊರೆತದ್ದು 1974ರಲ್ಲಿ. ಕಾರ್ಮಿಕ ಸಂಘ ಕಟ್ಟುವ ಹಕ್ಕನ್ನು ಕಾಯುವ 1935ರ ಕಾನೂನಿನಿಂದ ಅವರು ಇಂದಿಗೂ ಹೊರಗಿದ್ದಾರೆ. ಲೆಬನಾನ್ ಮತ್ತು ಹಲವು ಕೊಲ್ಲಿ ದೇಶಗಳ ಕಫಾಲಾ ಪದ್ಧತಿಯಲ್ಲಿ ವಾಸದ ಪರವಾನಗಿಯೇ ಮಾಲೀಕನಿಗೆ ಕಟ್ಟಿಕೊಂಡಿರುವುದರಿಂದ, ಕೆಲಸ ಬಿಟ್ಟವಳು ಅಕ್ರಮ ವಾಸಿಯಾಗುವ ಅಪಾಯವಿರುತ್ತದೆ.

ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2011ರಲ್ಲಿ ಅಂಗೀಕರಿಸಿದ, ಮನೆಗೆಲಸದವರ ಕುರಿತ 189ನೆಯ ಒಡಂಬಡಿಕೆಯನ್ನು ಈ ಹಿನ್ನೆಲೆಯಲ್ಲಿ ಓದಿ. ವಾರಕ್ಕೆ ಕನಿಷ್ಠ 24 ಗಂಟೆಗಳ ಸತತ ವಿಶ್ರಾಂತಿಯನ್ನು ಅದು ವಿಧಿಸುತ್ತದೆ. ಮನೆಗೆಲಸದವರು ತಮ್ಮ ಪಾಸ್‌ಪೋರ್ಟನ್ನು ತಾವೇ ಇಟ್ಟುಕೊಳ್ಳಬಹುದು ಎಂಬಷ್ಟು ಸಾಮಾನ್ಯ ಸಂಗತಿಯನ್ನೂ ಅದರ 9ನೆಯ ವಿಧಿಯಲ್ಲಿ ಬಿಡಿಸಿ ಬರೆಯಬೇಕಾಯಿತು.