ಏಕಾಸನ ಟ್ರೈಕ್ ವಿನ್ಯಾಸ: ತೂಕದಿಂದ ರೆಕ್ಕೆಗೆ, ರೆಕ್ಕೆಯಿಂದ ಎಂಜಿನ್‌ಗೆ

ಹ್ಯಾಂಗ್ ಗ್ಲೈಡರ್ ಮಾದರಿಯ ಬಟ್ಟೆಯ ರೆಕ್ಕೆಗೆ ಮೂರು ಗಾಲಿಯ ಚೌಕಟ್ಟೊಂದನ್ನು ತೂಗುಹಾಕಿ, ಅದರ ಹಿಂಬದಿಗೆ ಎಂಜಿನ್ ಮತ್ತು ಪ್ರೊಪೆಲ್ಲರ್ ಕೂರಿಸಿದರೆ ಅದು ಟ್ರೈಕ್. ಫ್ರಾನ್ಸಿಸ್ ಮತ್ತು ಗರ್ಟ್ರೂಡ್ ರೊಗಾಲೊ ದಂಪತಿ 1948ರಲ್ಲಿ ರೂಪಿಸಿದ ಬಳುಕುವ ರೆಕ್ಕೆಯೇ ಇದರ ಪೂರ್ವಜ. ಬಾಲವಾಗಲಿ ರಡ್ಡರ್ (ಮೂಗನ್ನು ಎಡಬಲಕ್ಕೆ ತಿರುಗಿಸುವ ಫಲಕ) ಆಗಲಿ ಇಲ್ಲದ ಈ ವಿಮಾನದ ವಿನ್ಯಾಸವನ್ನು ತೂಕದಿಂದಲೇ ಆರಂಭಿಸಬೇಕೆಂಬುದು ನನ್ನ ದೃಢ ಅಭಿಪ್ರಾಯ. ಮಿಕ್ಕ ನಿರ್ಧಾರಗಳಲ್ಲಿ ಹೆಚ್ಚಿನವು ಅದರ ಬೆನ್ನಿಗೇ ಬರುತ್ತವೆ.

ಉದಾಹರಣೆಗೆ ಅಮೆರಿಕದಲ್ಲಿ 1982ರಿಂದ ಜಾರಿಯಲ್ಲಿರುವ ಅತಿ ಹಗುರ ವಿಮಾನಗಳ ‘ಪಾರ್ಟ್ 103’ ನಿಯಮವನ್ನು ತೆಗೆದುಕೊಳ್ಳೋಣ. ಅದರ ಪ್ರಕಾರ ಒಬ್ಬರೇ ಕೂರಬೇಕು, ಖಾಲಿ ತೂಕ 254 ಪೌಂಡ್‌ಗಿಂತ, ಅಂದರೆ ಸುಮಾರು 115 ಕಿ.ಗ್ರಾಂಗಿಂತ ಕಡಿಮೆ ಇರಬೇಕು, ಇಂಧನ 5 ಗ್ಯಾಲನ್ (ಸುಮಾರು 19 ಲೀಟರ್) ಮೀರಬಾರದು ಮತ್ತು ಎಂಜಿನ್ ಶಕ್ತಿಯಿಲ್ಲದಾಗಿನ ಸ್ಟಾಲ್ ವೇಗ (ಇದಕ್ಕಿಂತ ನಿಧಾನವಾದರೆ ರೆಕ್ಕೆ ವಿಮಾನದ ಭಾರ ಹೊರಲಾರದು) 24 ನಾಟ್ ದಾಟಬಾರದು. ಚಾಲಕರ ತೂಕ 80 ಕಿ.ಗ್ರಾಂ ಎಂದಿಟ್ಟುಕೊಂಡರೆ ಒಟ್ಟು ತೂಕ ಸುಮಾರು 210 ಕಿ.ಗ್ರಾಂ, ಅಂದರೆ 2,060 ನ್ಯೂಟನ್ ಆಗುತ್ತದೆ. 24 ನಾಟ್ ಎಂದರೆ ಸೆಕೆಂಡಿಗೆ 12.35 ಮೀಟರ್. ರೆಕ್ಕೆಯ ಗರಿಷ್ಠ ಲಿಫ್ಟ್ (ಮೇಲೆತ್ತುವ ಬಲ) ಗುಣಾಂಕ 1.4 ಎಂದು ಊಹಿಸಿ, ಸಮುದ್ರಮಟ್ಟದ ಗಾಳಿಯ ಸಾಂದ್ರತೆಯಾಗಿ ಘನ ಮೀಟರ್‌ಗೆ 1.225 ಕಿ.ಗ್ರಾಂ ಬಳಸಿ ಲೆಕ್ಕ ಹಾಕಿದರೆ ಸುಮಾರು 16 ಚದರ ಮೀಟರ್ ರೆಕ್ಕೆ ಬೇಕಾಗುತ್ತದೆ. ಇದೇ ಟ್ರೈಕ್ ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನ ಜಕ್ಕೂರಿನಿಂದ 30 ಡಿಗ್ರಿ ಸೆಲ್ಸಿಯಸ್ ಬಿಸಿಲಿನಲ್ಲಿ ಹಾರಿದರೆ, ಗಾಳಿ ತೆಳುವಾಗಿರುವ ಕಾರಣ ನಿಜವಾದ ಸ್ಟಾಲ್ ವೇಗ ಸುಮಾರು ಶೇ. 8ರಷ್ಟು ಏರುತ್ತದೆ. ರನ್‌ವೇ ಉದ್ದವನ್ನು ಅಂದಾಜಿಸುವಾಗ ಇದನ್ನು ಮರೆಯಬಾರದು.

ಎಂಜಿನ್‌ನ ಲೆಕ್ಕ ಇದಕ್ಕಿಂತ ಸರಳ. ಲಿಫ್ಟ್ ಮತ್ತು ಡ್ರ್ಯಾಗ್‌ಗಳ (ಗಾಳಿಯ ಎಳೆತ) ಅನುಪಾತ 7 ಇದ್ದು ಸೆಕೆಂಡಿಗೆ 18 ಮೀಟರ್ ವೇಗದಲ್ಲಿ ಹಾರುವಾಗ ಸಮತಲ ಹಾರಾಟಕ್ಕೆ ಸುಮಾರು 5.3 ಕಿಲೋವ್ಯಾಟ್, ಸೆಕೆಂಡಿಗೆ 2 ಮೀಟರ್ ಏರಲು ಇನ್ನೂ 4.1 ಕಿಲೋವ್ಯಾಟ್ ಬೇಕು. ಪ್ರೊಪೆಲ್ಲರ್ ದಕ್ಷತೆ ಶೇ. 60 ಎಂದುಕೊಂಡರೆ ಸುಮಾರು 21 ಅಶ್ವಶಕ್ತಿಯಾಯಿತು. ಹಗುರವಾದ ಟೂ-ಸ್ಟ್ರೋಕ್ ಎಂಜಿನ್‌ಗಳೇ ಇಲ್ಲಿ ಹೆಚ್ಚಾಗಿ ಕಾಣಸಿಗುವುದು ಈ ಕಾರಣಕ್ಕೆ.

ಬಾಲವಿಲ್ಲದೆಯೂ ಈ ರೆಕ್ಕೆ ಹೇಗೆ ಸ್ಥಿರವಾಗಿರುತ್ತದೆ ಎಂಬುದೇ ಇಡೀ ವಿಷಯದ ತಿರುಳು. ರೆಕ್ಕೆ ಹಿಂದಕ್ಕೆ ಬಾಗಿರುವುದರಿಂದ ಅದರ ತುದಿಗಳು ಗುರುತ್ವ ಕೇಂದ್ರಕ್ಕಿಂತ ಹಿಂದೆ ಬೀಳುತ್ತವೆ. ಆ ತುದಿಗಳನ್ನು ನಡುಭಾಗಕ್ಕಿಂತ ಕಡಿಮೆ ಕೋನದಲ್ಲಿ ತಿರುಚಿ ಕೂರಿಸಿದಾಗ (ಇದನ್ನು ವಾಷ್‌ಔಟ್ ಎನ್ನುತ್ತಾರೆ) ಅವು ಬಾಲದ ಕೆಲಸವನ್ನೇ ಮಾಡುತ್ತವೆ. ಜೊತೆಗೆ ನಡುಭಾಗದ ಹಿಂದಂಚನ್ನು ತುಸು ಮೇಲಕ್ಕೆ ಬಾಗಿಸಿ ರಿಫ್ಲೆಕ್ಸ್ ಕೊಡಲಾಗುತ್ತದೆ. ಕಿಂಗ್‌ಪೋಸ್ಟ್ (ರೆಕ್ಕೆಯ ಮೇಲೆ ನಿಲ್ಲಿಸಿದ ಕಂಬ) ಇರುವ ರೆಕ್ಕೆಗಳಲ್ಲಿ, ಮೂಗು ತೀರಾ ಕೆಳಗಾದಾಗ ಬಟ್ಟೆ ಸಡಿಲಗೊಂಡು ಈ ಆಕಾರ ಅಳಿಯದಂತೆ ಆ ಕಂಬದಿಂದ ಬರುವ ಲಫ್ ಲೈನ್ ಎಂಬ ತಂತಿಗಳು ಹಿಂದಂಚನ್ನು ಎತ್ತಿ ಹಿಡಿಯುತ್ತವೆ.

ಚಾಲಕರು ರೆಕ್ಕೆಗೆ ಜೋಡಿಸಿದ ನಿಯಂತ್ರಣದ ಅಡ್ಡಕೊಳವೆಯನ್ನು ತಮ್ಮತ್ತ ಎಳೆದರೆ ತೂಕ ಮುಂದಕ್ಕೆ ಸರಿದು ವೇಗ ಹೆಚ್ಚುತ್ತದೆ. ನಿಯಂತ್ರಣ ಕೋಲು (ಸ್ಟಿಕ್) ಇರುವ ವಿಮಾನಗಳಲ್ಲಿ ಇದು ತಿರುಗುಮುರುಗು. ಪಕ್ಕಕ್ಕೆ ವಾಲಿಸಲು ಮಾತ್ರ ತೂಕದ ಸರಿದಾಟವೊಂದೇ ಸಾಲದು. ರೆಕ್ಕೆಯ ನಡುವೆ ಮೂಗಿನಿಂದ ಹಿಂದಕ್ಕೆ ಹಾಯುವ ಕೀಲ್ ಕೊಳವೆಯನ್ನು ಬಟ್ಟೆಯ ಜೇಬಿನೊಳಗೆ ಅಕ್ಕಪಕ್ಕ ಸರಿಯುವಂತೆ ಬಿಟ್ಟಿರುವುದರಿಂದ, ಭಾರ ಸರಿದ ಬದಿಯ ಬಟ್ಟೆ ಸಡಿಲಗೊಂಡು ಲಿಫ್ಟ್ ಕಳೆದುಕೊಳ್ಳುತ್ತದೆ, ಎದುರು ಬದಿಯದು ಬಿಗಿಯಾಗುತ್ತದೆ. ಹೀಗೆ ರೆಕ್ಕೆ ತಾನೇ ತಿರುಚಿಕೊಂಡು ಚಾಲಕರ ತೋಳಿಗೆ ನೆರವಾಗುತ್ತದೆ. ಹಾಗಾಗಿ ಬಟ್ಟೆಯನ್ನು ಅತಿಯಾಗಿ ಬಿಗಿದರೆ ವೇಗಕ್ಕೆ ಅನುಕೂಲವಾದರೂ ವಾಲಿಸುವುದು ಕಷ್ಟವಾಗುತ್ತದೆ.

ರೆಕ್ಕೆ ಮತ್ತು ಚೌಕಟ್ಟು ಕೂಡುವುದು ಹ್ಯಾಂಗ್ ಪಾಯಿಂಟ್‌ನ ಒಂದೇ ಬೋಲ್ಟ್‌ನಲ್ಲಿ. ಆದ್ದರಿಂದ ಅದು ಮುರಿದರೂ ಭಾರ ಹೊರಬಲ್ಲ ಪ್ರತ್ಯೇಕ ಕೇಬಲ್ ಅಥವಾ ಪಟ್ಟಿ ಇರಲೇಬೇಕು. ಪ್ರೊಪೆಲ್ಲರ್‌ನ ಒತ್ತುಬಲದ (ಥ್ರಸ್ಟ್) ರೇಖೆ ಇಡೀ ವಿಮಾನದ ಗುರುತ್ವ ಕೇಂದ್ರಕ್ಕಿಂತ ತೀರಾ ಕೆಳಗಿದ್ದರೆ ಥ್ರಾಟಲ್ ಏರಿಸಿದಾಗಲೆಲ್ಲ ಮೂಗು ಮೇಲೇಳುತ್ತದೆ. ಕಡಿದಾಗಿ ಏರುತ್ತಿರುವಾಗ ಎಂಜಿನ್ ನಿಂತರೆ ವೇಗ ತಟ್ಟನೆ ಕುಸಿದು ರೆಕ್ಕೆ ಸ್ಟಾಲ್ ಆಗಬಹುದು. ಅಲ್ಲಿಂದ ಮುಂದಕ್ಕೆ ಪಲ್ಟಿ ಹೊಡೆಯತೊಡಗಿದರೆ ತೂಕ ಸರಿಸಿ ಅದನ್ನು ತಡೆಯಲು ಸಾಧ್ಯವಿಲ್ಲ. ಏಕೆಂದರೆ ತೂಗುವ ಭಾರ ರೆಕ್ಕೆಯನ್ನು ಕೆಳಕ್ಕೆ ಎಳೆಯುತ್ತಿರುವವರೆಗೆ ಮಾತ್ರ ಈ ನಿಯಂತ್ರಣಕ್ಕೆ ಬಲವಿರುತ್ತದೆ.