ಕ್ಯಾನ್ಸರ್ ಔಷಧದ ಶೇಷ: ಆಸ್ಪತ್ರೆಯ ಔಷಧಾಲಯದಲ್ಲಿ ಪೋಲು ಹುಟ್ಟುವ ಬಗೆ, ತಡೆಯುವ ದಾರಿ

ಕ್ಯಾನ್ಸರ್ ಚುಚ್ಚುಮದ್ದುಗಳು ಪೋಲಾಗುವುದಕ್ಕೆ ಔಷಧ ಬೆರೆಸುವವರ ಅಜಾಗರೂಕತೆಯೇ ಕಾರಣ ಎಂದು ಭಾವಿಸುವುದು ಸುಲಭ. ಆದರೆ ಪೋಲಿನ ದೊಡ್ಡ ಪಾಲು ಸಿರಿಂಜ್ ಕೈಗೆ ಬರುವ ಮೊದಲೇ ನಿರ್ಧಾರವಾಗಿರುತ್ತದೆ. ರೋಗಿಯ ಡೋಸ್ ಅವರ ದೇಹಕ್ಕೆ ತಕ್ಕಂತೆ ಬದಲಾಗುತ್ತದೆ, ಔಷಧ ತುಂಬಿದ ಸಣ್ಣ ಸೀಸೆ (ವಯಲ್) ಮಾತ್ರ ಒಂದೆರಡು ನಿಗದಿತ ಗಾತ್ರಗಳಲ್ಲಿ ಬರುತ್ತದೆ. ಡೋಸನ್ನು ವಯಲ್ ಗಾತ್ರದಿಂದ ಭಾಗಿಸಿ, ಬಂದದ್ದನ್ನು ಮೇಲಿನ ಪೂರ್ಣಸಂಖ್ಯೆಗೆ ಏರಿಸಿ ಅಷ್ಟು ವಯಲ್ ತೆರೆದಾಗ ಉಳಿಯುವ ಶೇಷವೇ ತ್ಯಾಜ್ಯದ ಡಬ್ಬಿಗೆ ಬೀಳುವ ಔಷಧ. ಹೀಗೆ ನೋಡಿದರೆ ಔಷಧಾಲಯ ಕೈಗೊಳ್ಳುವ ಪ್ರತಿಯೊಂದು ಕ್ರಮವೂ ಈ ಭಾಗಾಕಾರದ ಯಾವ ಸಂಖ್ಯೆಯನ್ನು ಬದಲಿಸುತ್ತಿದೆ ಎಂಬುದು ಸ್ಪಷ್ಟವಾಗುತ್ತದೆ.

ಲೆಕ್ಕವನ್ನು ಒಮ್ಮೆ ಮಾಡಿಯೇ ನೋಡೋಣ. ಮೊಸ್ಟೆಲರ್ ಸೂತ್ರದ ಪ್ರಕಾರ ಎತ್ತರವನ್ನು ಸೆಂಟಿಮೀಟರಿನಲ್ಲಿಯೂ ತೂಕವನ್ನು ಕಿಲೋಗ್ರಾಂನಲ್ಲಿಯೂ ತೆಗೆದುಕೊಂಡು ಗುಣಿಸಿ, 3600ರಿಂದ ಭಾಗಿಸಿ, ವರ್ಗಮೂಲ ತೆಗೆದರೆ ದೇಹದ ಮೇಲ್ಮೈ ವಿಸ್ತೀರ್ಣ ಸಿಗುತ್ತದೆ. 160 ಸೆಂ.ಮೀ. ಎತ್ತರ, 58 ಕೆ.ಜಿ. ತೂಕದವರಿಗೆ ಅದು ಸುಮಾರು 1.6 ಚದರ ಮೀಟರ್. ಮಲ್ಟಿಪಲ್ ಮೈಲೋಮಾ ಎಂಬ ರಕ್ತದ ಕ್ಯಾನ್ಸರಿಗೆ ಕೊಡುವ ಬಾರ್ಟಿಜೊಮಿಬ್‌ನ ಸಾಮಾನ್ಯ ಡೋಸ್ ಚದರ ಮೀಟರಿಗೆ 1.3 ಮಿ.ಗ್ರಾಂ. ಆದ್ದರಿಂದ ಇವರಿಗೆ ಬೇಕಾದದ್ದು 2.08 ಮಿ.ಗ್ರಾಂ. ಕಪಾಟಿನಲ್ಲಿ 3.5 ಮಿ.ಗ್ರಾಂ ವಯಲ್ ಮಾತ್ರ ಇದ್ದರೆ 1.42 ಮಿ.ಗ್ರಾಂ, ಅಂದರೆ ಸುಮಾರು ಶೇ. 40ರಷ್ಟು ಔಷಧ ಉಳಿದುಬಿಡುತ್ತದೆ. ಕೆಲವು ದೇಶಗಳಲ್ಲಿ ದೊರೆಯುವ 1 ಮಿ.ಗ್ರಾಂ ವಯಲ್‌ಗಳಾದರೆ ಮೂರು ತೆರೆಯಬೇಕಾಗುತ್ತದೆ, ಶೇಷ 0.92ಕ್ಕೆ ಇಳಿಯುತ್ತದೆ. ಡೋಸನ್ನು 2 ಮಿ.ಗ್ರಾಂಗೆ ದುಂಡಾಗಿಸಲು ವೈದ್ಯರ ಒಪ್ಪಿಗೆಯಿದ್ದರೆ ಎರಡೇ ವಯಲ್ ಸಾಕು, ಶೇಷವೇ ಇಲ್ಲ. ಡೋಸಿನಲ್ಲಾದ ವ್ಯತ್ಯಾಸ ಶೇ. 4ಕ್ಕಿಂತ ಕಡಿಮೆ. ಸಣ್ಣ ವಯಲ್ ಮತ್ತು ದುಂಡಾಗಿಸುವಿಕೆ ಪರಸ್ಪರ ಪೂರಕ ಎಂಬುದು ಇಲ್ಲಿ ಗಮನಿಸಬೇಕಾದ ಅಂಶ.

ಹೀಗೆ ಡೋಸನ್ನು ಹತ್ತಿರದ ವಯಲ್ ಗಾತ್ರಕ್ಕೆ ಹೊಂದಿಸುವುದನ್ನು ಮಿಲಿಗ್ರಾಂ ಕದಿಯುವ ಕೆಲಸವೆಂದು ಹೊಸಬರು ಅಳುಕುವುದುಂಟು. ವಾಸ್ತವದಲ್ಲಿ ತೂಕದ ಅಳತೆ, ಸೂತ್ರದ ಆಯ್ಕೆ, ಒಬ್ಬೊಬ್ಬರ ಶರೀರ ಔಷಧವನ್ನು ಹೊರಹಾಕುವ ವೇಗ, ಇವೆಲ್ಲವುಗಳಲ್ಲಿರುವ ಏರುಪೇರಿನ ಮುಂದೆ ದಶಮಾಂಶದ ನಿಖರತೆಗೆ ಹೆಚ್ಚಿನ ಅರ್ಥವಿಲ್ಲ. ಅಮೆರಿಕದ ಕ್ಯಾನ್ಸರ್ ಫಾರ್ಮಸಿಸ್ಟರ ಸಂಘವಾದ ಹೋಪಾ, ಸೂಚಿಸಿದ ಡೋಸಿನ ಶೇ. 10ರೊಳಗೆ ದುಂಡಾಗಿಸುವುದನ್ನು ಬೆಂಬಲಿಸಿದೆ. ಕಿಲೋಗ್ರಾಂಗೆ 6 ಮಿ.ಗ್ರಾಂನಂತೆ 52 ಕೆ.ಜಿ. ತೂಕದವರಿಗೆ ಟ್ರಾಸ್ಟುಜುಮಾಬ್ 312 ಮಿ.ಗ್ರಾಂ ಆಗುತ್ತದೆ, ಅದನ್ನು 300ಕ್ಕೆ ಇಳಿಸಿದರೆ 150 ಮಿ.ಗ್ರಾಂನ ಮೂರನೆಯ ವಯಲ್ ತೆರೆಯುವುದೇ ಬೇಡ. ಆದರೆ 60 ಕೆ.ಜಿ.ಯವರ 360 ಮಿ.ಗ್ರಾಂ ಡೋಸನ್ನು 300ಕ್ಕೆ ತರಲಾಗದು, ಏಕೆಂದರೆ ಅದು ಶೇ. 16ಕ್ಕೂ ಹೆಚ್ಚಿನ ಕಡಿತ. ಇಂತಹ ನಿರ್ಧಾರವನ್ನು ಔಷಧ ಬೆರೆಸುವ ಹೊತ್ತಿನಲ್ಲಿ ಒಬ್ಬರೇ ಕೈಗೊಳ್ಳಕೂಡದು. ಯಾವ ಔಷಧಕ್ಕೆ ಎಷ್ಟು ಮಿತಿ, ಮಕ್ಕಳಿಗೆ ಏನು ನಿಯಮ ಎಂಬುದೆಲ್ಲ ವೈದ್ಯರು ಮತ್ತು ಫಾರ್ಮಸಿಸ್ಟರು ಸೇರಿ ಮೊದಲೇ ಒಪ್ಪಿದ ಲಿಖಿತ ನಿಯಮಾವಳಿಯಲ್ಲಿ ಇರಬೇಕು.

ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್ ಇದೇ ವಿಚಾರವನ್ನು ಮುಂದಕ್ಕೆ ಒಯ್ದು, ಡೋಸ್‌ಗಳನ್ನು ನಿಗದಿತ ಶ್ರೇಣಿಗಳಾಗಿ ವಿಂಗಡಿಸುವ ರಾಷ್ಟ್ರಮಟ್ಟದ ಕೋಷ್ಟಕಗಳನ್ನು ಜಾರಿಗೆ ತಂದಿದೆ. ಒಂದು ಶ್ರೇಣಿಯೊಳಗೆ ಬರುವ ಎಲ್ಲರಿಗೂ ಒಂದೇ ಡೋಸ್ ಆದ್ದರಿಂದ, ಒಬ್ಬ ರೋಗಿಯ ಚಿಕಿತ್ಸೆ ಕೊನೆಯ ಗಳಿಗೆಯಲ್ಲಿ ರದ್ದಾದರೂ ಸರಿಯಾಗಿ ಕಾಪಾಡಿದ, ಬೆರೆಸಿಟ್ಟ ಔಷಧದ ಚೀಲವನ್ನು, ಅದರ ಅವಧಿ ಮುಗಿಯದಿದ್ದರೆ, ಮತ್ತೊಬ್ಬರಿಗೆ ಬಳಸಬಹುದು.

ವಯಲ್‌ನ ಗಾತ್ರ ಮಾತ್ರ ತಯಾರಕರ ಕೈಯಲ್ಲಿದೆ. ಅಮೆರಿಕದಲ್ಲಿ ಪೆಂಬ್ರೊಲಿಜುಮಾಬ್‌ನ 50 ಮಿ.ಗ್ರಾಂ ವಯಲ್‌ನ ಬದಲಿಗೆ 2015ರಲ್ಲಿ 100 ಮಿ.ಗ್ರಾಂ ವಯಲ್ ಬಂದಿತು. ಆಗಿನ ಡೋಸ್ ಕಿಲೋಗ್ರಾಂಗೆ 2 ಮಿ.ಗ್ರಾಂ, 70 ಕೆ.ಜಿ.ಯವರಿಗೆ 140 ಮಿ.ಗ್ರಾಂ ಬೇಕಿದ್ದು, ಮೊದಲು 10 ಮಿ.ಗ್ರಾಂ ಉಳಿಯುತ್ತಿದ್ದ ಕಡೆ ಈಗ 60 ಉಳಿಯತೊಡಗಿತು. ಮುಂದೆ ಎಲ್ಲರಿಗೂ 200 ಮಿ.ಗ್ರಾಂ ಎಂಬ ಸ್ಥಿರ ಡೋಸ್ ಬಂದಾಗ ಶೇಷ ಸೊನ್ನೆಯಾಯಿತು ನಿಜ, ಆದರೆ ಅದೇ ವ್ಯಕ್ತಿಗೆ ಆ 60 ಮಿ.ಗ್ರಾಂ ಈಗ ಡ್ರಿಪ್ ಮೂಲಕ ಹೋಗುತ್ತದೆ. ಕಾಗದದ ಮೇಲೆ ಪೋಲು ಇಲ್ಲವಾದರೂ ಖರ್ಚು ಇದ್ದಲ್ಲಿಯೇ ಇದೆ. ಪೋಲಿನ ಅಂಕಿಯನ್ನಷ್ಟೇ ನೋಡಿ ಮೆಚ್ಚಬಾರದು ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತೋರದು. ಉಳಿಕೆಯ ಹೊರೆಯನ್ನು ತಯಾರಕರ ಮೇಲೂ ಹೊರಿಸುವ ಪ್ರಯತ್ನ ಅಮೆರಿಕದಲ್ಲಿ ನಡೆದಿದೆ: 2021ರ ಒಂದು ಕಾನೂನಿನನ್ವಯ, ಮುಖ್ಯವಾಗಿ ಹಿರಿಯರಿಗಿರುವ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇರ್ ಪಾವತಿಸುವ ಏಕಬಳಕೆಯ ವಯಲ್‌ಗಳಲ್ಲಿ ಎಸೆದ ಭಾಗ ಸಾಮಾನ್ಯವಾಗಿ ಶೇ. 10ನ್ನು ಮೀರಿದರೆ, ಮೀರಿದಷ್ಟರ ಹಣವನ್ನು 2023ರಿಂದ ತಯಾರಕರು ಹಿಂದಿರುಗಿಸಬೇಕು.

ಒಂದು ವಯಲ್‌ನ ಉಳಿಕೆಯನ್ನು ಮುಂದಿನ ರೋಗಿಗೆ ಬಳಸುವುದು ಎಲ್ಲರಿಗೂ ಮೊದಲು ಹೊಳೆಯುವ ಉಪಾಯ. ಹೆಚ್ಚು ಎಚ್ಚರ ಬೇಡುವ ಉಪಾಯವೂ ಅದೇ. ಇಲ್ಲಿ ಎರಡು ಬಗೆಯ ಕಾಲಮಿತಿಗಳನ್ನು ಬೇರೆ ಬೇರೆಯಾಗಿ ತಿಳಿಯಬೇಕು. ಔಷಧದ ಅಣು ಎಷ್ಟು ಹೊತ್ತು ಕೆಡದೆ ಉಳಿಯುತ್ತದೆ ಎಂಬುದು ರಾಸಾಯನಿಕ ಸ್ಥಿರತೆ. ಸೂಕ್ಷ್ಮಾಣುಗಳು ಸೇರದೆ ಎಷ್ಟು ಹೊತ್ತು ಇರಬಲ್ಲದು ಎಂಬುದು ಶುದ್ಧತೆಯ ಮಿತಿ. ಎರಡರಲ್ಲಿ ಯಾವುದು ಚಿಕ್ಕದೋ ಅದೇ ಅನ್ವಯಿಸುತ್ತದೆ. ಸೂಕ್ಷ್ಮಾಣುರಹಿತವಾಗಿ ಔಷಧ ಬೆರೆಸುವ ಬಗೆಗಿನ ಅಮೆರಿಕದ ಯುಎಸ್‌ಪಿ 797 ನಿಯಮವು ಸಂರಕ್ಷಕವಿಲ್ಲದ ಏಕಬಳಕೆಯ ವಯಲನ್ನು ಶುದ್ಧ ಗಾಳಿಯ ಹುಡ್‌ನೊಳಗೆ ತೆರೆದು ಇಟ್ಟುಕೊಳ್ಳಲು ಹಿಂದೆ 6 ಗಂಟೆ ಕೊಡುತ್ತಿತ್ತು. 2023ರಲ್ಲಿ ಜಾರಿಗೆ ಬಂದ ಪರಿಷ್ಕರಣೆ ಅದನ್ನು 12 ಗಂಟೆಗೆ ಏರಿಸಿದೆ. ಔಷಧವನ್ನು ಹೊರಸೂಸದ ಮುಚ್ಚಿದ ಸಾಧನಗಳನ್ನು ಬಳಸಿದ ಮಾತ್ರಕ್ಕೆ ಈ ಮಿತಿ ತಾನಾಗಿ ಹಿಗ್ಗುವುದಿಲ್ಲ. ನಿಯಮಗಳು ಇಷ್ಟು ಬಿಗಿಯಾಗಿರುವುದಕ್ಕೆ ಕಾರಣವಿದೆ: 2000–2001ರಲ್ಲಿ ನೆಬ್ರಾಸ್ಕಾದ ಒಂದು ಕ್ಯಾನ್ಸರ್ ಚಿಕಿತ್ಸಾಲಯದಲ್ಲಿ, ಬಳಸಿದ ಸಿರಿಂಜ್‌ಗಳಿಂದ ಕಲುಷಿತಗೊಂಡ ಸಲೈನ್ ಚೀಲವನ್ನು ಹಲವರಿಗೆ ಹಂಚಿದ್ದರಿಂದ 99 ಮಂದಿಗೆ ಹೆಪಟೈಟಿಸ್ ಸಿ ತಗುಲಿತು.

ಗಂಟೆಗಳ ಮಿತಿ ಇರುವುದರಿಂದಲೇ ವೇಳಾಪಟ್ಟಿಗೆ ಬೆಲೆ ಬರುತ್ತದೆ. ಒಂದೇ ದುಬಾರಿ ಔಷಧ ಪಡೆಯುವವರನ್ನು ಒಂದೇ ದಿನ ಕರೆಸಿದರೆ ಶೇಷಗಳು ಒಟ್ಟುಗೂಡಿ ಪೂರ್ಣ ಡೋಸ್ ಆಗುತ್ತವೆ. ವಾರದಲ್ಲಿ ಒಬ್ಬರೇ ಬರುವ ಚಿಕ್ಕ ಆಸ್ಪತ್ರೆಗೆ ಈ ಅವಕಾಶವಿಲ್ಲ. ಇದರೊಂದಿಗೆ, ರಕ್ತಪರೀಕ್ಷೆಯ ಫಲಿತಾಂಶ ನೋಡಿ ವೈದ್ಯರು ಒಪ್ಪಿದ ಮೇಲಷ್ಟೇ ಬೆರೆಸುವ ಶಿಸ್ತು ಬೇಕು, ಏಕೆಂದರೆ ಸೋಂಕಿನ ವಿರುದ್ಧ ಹೋರಾಡುವ ನ್ಯೂಟ್ರೊಫಿಲ್ ಎಂಬ ಬಿಳಿ ರಕ್ತಕಣಗಳ ಸಂಖ್ಯೆ ಕುಸಿದು ಚಿಕಿತ್ಸೆ ಮುಂದಕ್ಕೆ ಹೋದರೆ ಸಿದ್ಧವಾದ ಇಡೀ ಚೀಲವೇ ವ್ಯರ್ಥ. ಇದರಿಂದ ರೋಗಿ ಕಾಯುವ ಹೊತ್ತು ಹೆಚ್ಚುತ್ತದೆ. ಹಾಗಾಗಿ ಅಗ್ಗವಾದ, ಬಹುಕಾಲ ಕೆಡದ ಔಷಧಗಳನ್ನು ಮುಂಚಿತವಾಗಿ ಸಿದ್ಧಪಡಿಸಿ, ದುಬಾರಿಯಾದ ಮತ್ತು ಬೇಗ ಕೆಡುವ ಔಷಧಗಳಿಗೆ ಮಾತ್ರ ಕಾಯುವುದು ನ್ಯಾಯವಾದ ಹೊಂದಾಣಿಕೆ. ಬೆರೆಸುವ ವಿಧಾನವೂ ಸಮಯ ಕೊಡಬಲ್ಲದು: ಚರ್ಮದಡಿ ಕೊಡುವ ಅಜಾಸಿಟಿಡಿನ್ ಅನ್ನು ಸಾಮಾನ್ಯ ತಾಪದ ನೀರಿನಲ್ಲಿ ಕಲಸಿದರೆ ಶೀತಕಪಾಟಿನಲ್ಲಿ 8 ಗಂಟೆಯವರೆಗೆ ಇಡಬಹುದು, ತಣ್ಣೀರಿನಲ್ಲಿ ಕಲಸಿದರೆ 22 ಗಂಟೆಯವರೆಗೆ.

ಉಳಿತಾಯವನ್ನು ಅಳೆಯುವಾಗ ಮಿಲಿಗ್ರಾಂಗಳನ್ನು ಕೂಡಿಸುವುದಕ್ಕಿಂತ ತೆರೆಯದೆ ಉಳಿದ ವಯಲ್‌ಗಳನ್ನು ಎಣಿಸುವುದು ಸರಿ. ಉಳಿಕೆಯನ್ನು ಎಷ್ಟೇ ಜೋಪಾನ ಮಾಡಿದರೂ ಮುಂದಿನ ರೋಗಿಗೆ ಹೊಸ ವಯಲ್ ಒಡೆಯಲೇಬೇಕಾದರೆ ಖರೀದಿಯ ಬಿಲ್ಲು ಇಳಿಯದು. ಪ್ರತಿ ಔಷಧಕ್ಕೂ ಡೋಸ್, ತೆರೆದ ವಯಲ್, ಎಸೆದ ಪ್ರಮಾಣ ಮತ್ತು ಎಸೆದ ಕಾರಣ, ಈ ನಾಲ್ಕನ್ನು ದಾಖಲಿಸಿದರೆ, ಪೋಲು ಗಾತ್ರದಿಂದ ಬಂದದ್ದೋ ರದ್ದತಿಯಿಂದ ಬಂದದ್ದೋ ಎಂಬುದು ತಿಳಿದು, ಯಾವ ಔಷಧದಿಂದ ಆರಂಭಿಸಬೇಕೆಂಬುದು ತೀರ್ಮಾನವಾಗುತ್ತದೆ.