ಪದ ಪರಿಚಯ: ಡಾಕ್ಸಾಸ್ಟಿಕ್ ವಾಲಂಟರಿಸಂ

ಹೆಸರು ಕೇಳಿದರೆ ಯಾವುದೋ ಮಾತ್ರೆಯ ಹಾಗಿದೆ, ಅಲ್ವಾ? ಗ್ರೀಕಿನಲ್ಲಿ ‘ಡಾಕ್ಸಾ’ ಅಂದರೆ ಅಭಿಪ್ರಾಯ. ಲ್ಯಾಟಿನ್ನಿನ ‘ವಾಲುಂಟಾಸ್’ ಅಂದರೆ ಇಚ್ಛೆ. ಏನನ್ನು ನಂಬಬೇಕು, ಏನನ್ನು ಬಿಡಬೇಕು ಅನ್ನುವುದು ನಮ್ಮ ಇಚ್ಛೆಗೆ ಸೇರಿದ್ದು ಎನ್ನುವ ವಾದ ಇದು.

ಸುಮ್ನೆ ಪರೀಕ್ಷೆ ಮಾಡಿ. ಮುಂಬೈಯ ಉತ್ತರದ ತುದಿಯ ವಿರಾರ್‌ಗಿಂತ ದಾದರ್ ಉತ್ತರಕ್ಕಿದೆ ಎಂದು ಈಗಲೇ ನಂಬಿ, ಲಕ್ಷ ರೂಪಾಯಿ ಕೊಡ್ತೀನಿ. ಬಾಯಲ್ಲಿ ಹೇಳಬಹುದು. ದಿನಾ ಲೋಕಲ್ ರೈಲು ಹತ್ತುವವರ ಮನಸ್ಸು ಮಾತ್ರ ಒಪ್ಪುವುದಿಲ್ಲ.

ಕನ್ನಡ ಇಲ್ಲಿ ಎರಡೂ ಕಡೆ ಕಾಲಿಟ್ಟಿದೆ. ‘ನನಗೆ ಜ್ವರ ಬಂತು’ ಅನ್ನುವ ಹಾಗೆಯೇ ‘ನನಗೆ ನಂಬಿಕೆ ಬಂತು’ ಅನ್ನುತ್ತೇವೆ. ಅಂದರೆ ಅದು ತಾನಾಗಿ ಬಂದದ್ದು. ಆದರೆ ಮೋಸ ಹೋದವರನ್ನು ‘ಅವನ ಮಾತು ಯಾಕೆ ನಂಬಿದೆ?’ ಎಂದು ಬೈಯುತ್ತೇವೆ. ತಾನಾಗಿ ಬಂದದ್ದಕ್ಕೆ ಬೈಗುಳ ಯಾಕೆ?

2006ರ ಆಗಸ್ಟ್‌ನಲ್ಲಿ ಮುಂಬೈಯ ಮಾಹಿಮ್ ಖಾಡಿಯ (ಕಿರುಕೊಲ್ಲಿಯ) ಸಮುದ್ರದ ನೀರು ಸಿಹಿಯಾಗಿದೆ ಎಂದು ಸುದ್ದಿ ಹಬ್ಬಿತು. ಅಲ್ಲಿನ ದರ್ಗಾದ ಸೂಫಿ ಸಂತ ಮಾಹಿಮ್ ಬಾಬಾನ ಪವಾಡ ಅಂದರು. ಜನ ಬಾಟಲಿ ಹಿಡಿದು ಓಡಿದರು. ಮಾಟುಂಗದ ನಮ್ಮ ಚಾಳಿನ ಅಕ್ಕನೊಬ್ಬರೂ ಹೋಗಿ ಬಿಸ್ಲೇರಿ ಬಾಟಲಿಯಲ್ಲಿ ತಂದರು. ಕೆಸರು ಬಣ್ಣ, ತಳದಲ್ಲಿ ಮರಳು. ‘ನಾಲಿಗೆಗೆ ಉಪ್ಪೇ ಹತ್ತಲಿಲ್ಲ ಕಣೋ!’ ಅಕ್ಕ ಸುಳ್ಳು ಹೇಳುತ್ತಿರಲಿಲ್ಲ. ಮಳೆಗಾಲದಲ್ಲಿ ಮೀಠಿ ನದಿ ತುಂಬಿ ಬಂದು ಅಲ್ಲೇ ಕಡಲು ಸೇರುತ್ತದೆ, ಉಪ್ಪು ತೆಳುವಾಗುತ್ತದೆ. ಆ ನದಿಯಲ್ಲಿ ಊರಿನ ಕೊಳಚೆಯೂ ಇರುತ್ತದೆ, ಅದು ಬೇರೆ ಮಾತು. ನಾಲಿಗೆಗೆ ಹತ್ತಿದ್ದನ್ನು ನಂಬದಿರುವುದು ಅಕ್ಕನ ಕೈಲಿರಲಿಲ್ಲ. ಕುಡಿಯಬೇಡಿ ಎಂದು ಟಿವಿಯಲ್ಲಿ ಬಂದಾಗ ಚಾನೆಲ್ ಬದಲಿಸಿದರಲ್ಲ, ಅದು ಅವರ ಕೈಲಿತ್ತು.

1877ರಲ್ಲಿ ಇಂಗ್ಲೆಂಡಿನ ಗಣಿತಜ್ಞ ವಿಲಿಯಂ ಕ್ಲಿಫರ್ಡ್ ಹೇಳಿದ್ದು ಇದೇ ಜಾಗದ ಮಾತು. ಒಬ್ಬ ಹಡಗಿನ ಮಾಲೀಕ. ಹಡಗು ಹಳೆಯದು, ರಿಪೇರಿಗೆ ಖರ್ಚು ಜಾಸ್ತಿ. ಎಷ್ಟು ಬಿರುಗಾಳಿ ಕಂಡು ಬಂದಿದೆ, ಏನೂ ಆಗಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಕೊನೆಗೆ ನಿಜವಾಗಿಯೂ ನಂಬಿದ. ಹಡಗು ಮುಳುಗಿತು. ಸಾಕಷ್ಟು ಸಾಕ್ಷ್ಯವಿಲ್ಲದೆ ನಂಬಿದ್ದರಿಂದ, ಪ್ರಾಮಾಣಿಕವಾಗಿ ನಂಬಿದ್ದರೂ ಅವನು ತಪ್ಪಿತಸ್ಥ, ಹಡಗು ಸುಖವಾಗಿ ದಡ ಸೇರಿದ್ದರೂ ತಪ್ಪಿತಸ್ಥನೇ, ಅನ್ನುತ್ತಾನೆ ಕ್ಲಿಫರ್ಡ್. ಅಷ್ಟು ಕಟ್ಟುನಿಟ್ಟು ಬೇಡ ಎಂದು 1896ರಲ್ಲಿ ಅಮೆರಿಕದ ತತ್ವಜ್ಞಾನಿ ವಿಲಿಯಂ ಜೇಮ್ಸ್ ಉತ್ತರ ಕೊಟ್ಟ. ಸಾಕ್ಷ್ಯದಿಂದ ತೀರ್ಮಾನವಾಗದ, ಆದರೆ ತಪ್ಪಿಸಿಕೊಳ್ಳಲೂ ಆಗದ ದೊಡ್ಡ ಪ್ರಶ್ನೆಗಳಲ್ಲಿ ಮನಸ್ಸು ಎಳೆದತ್ತ ಹೋಗಬಹುದು ಎಂದ. ಮಾಹಿಮ್ ನೀರಿಗೆ ಈ ರಿಯಾಯಿತಿ ಸಿಗುವುದಿಲ್ಲ, ಲ್ಯಾಬಿಗೆ ಕೊಟ್ಟರೆ ಉತ್ತರ ಬರುತ್ತದೆ.

ನನ್ನ ಮಟ್ಟಿಗೆ ಜ್ವರದ ಹೋಲಿಕೆಯೇ ಸರಿ. ಜ್ವರ ಬಂತು ಎಂದು ಅಮ್ಮ ಬೈಯುವುದಿಲ್ಲ, ಛತ್ರಿ ಮನೆಯಲ್ಲೇ ಬಿಟ್ಟು ಮಳೆಯಲ್ಲಿ ನೆನೆದದ್ದಕ್ಕೆ ಬೈಯುತ್ತಾಳೆ. ‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಅನ್ನುವ ಗಾದೆಯೂ ನಂಬು, ನಂಬಬೇಡ ಅನ್ನುವುದಿಲ್ಲ. ನೋಡು ಅನ್ನುತ್ತದೆ, ಅಷ್ಟೇ.

ಅಂದಹಾಗೆ, ಅಕ್ಕ ಕೊಟ್ಟ ಒಂದು ಚಮಚ ನಾನೂ ಕುಡಿದೆ. ನಂಬಿಕೆ ಚೂರೂ ಇರಲಿಲ್ಲ. ಬೇಡ ಅಂದರೆ ಬೇಜಾರು ಮಾಡಿಕೊಳ್ಳುತ್ತಾರೆ ಎಂದು ಕುಡಿದೆ.